ಅಣುಲೋಕದ ವರದಿಯನ್ನು ಓದುವ ಬಗೆ

‘ವಿಜ್ಞಾನಿಗಳು ಇಂಥದೊಂದನ್ನು ಕಂಡುಹಿಡಿದಿದ್ದಾರೆ’ ಎಂಬ ಸುದ್ದಿಯನ್ನು ವೃತ್ತಪತ್ರಿಕೆಗಳಲ್ಲಿ ನಾವು ಆಗಾಗ್ಗೆ ಓದುತ್ತೇವೆ. ಸುದ್ದಿ ನಾಲ್ಕು ಸಾಲಿನದು. ಅದರ ಹಿಂದಿರುವ ಮೂಲಲೇಖನವಾದರೋ ಅಂಕಿಗಳಿಂದಲೂ ನಕ್ಷೆಗಳಿಂದಲೂ ಕಿಕ್ಕಿರಿದ ಹಲವು ಪುಟಗಳದು. ಸುದ್ದಿಯನ್ನು ನಂಬುವವರು ಬಹು ಮಂದಿ. ಮೂಲವನ್ನು ತೆರೆದು ನೋಡುವವರು ವಿರಳ. ಅದು ಪಂಡಿತರ ಸೊತ್ತು, ನಮಗೆ ಎಟುಕುವಂಥದಲ್ಲ ಎಂಬ ಅಂಜಿಕೆಯೇ ಇದಕ್ಕೆ ಕಾರಣ. ಈ ಅಂಜಿಕೆ ಪೂರ್ತಿ ನಿರಾಧಾರವೆಂದು ಹೇಳಲಾಗದು. ಆದರೆ ಅಂಥ ಲೇಖನ ಹೇಗೆ ಹುಟ್ಟುತ್ತದೆ, ಅದನ್ನು ಬಲ್ಲವರು ಹೇಗೆ ಓದುತ್ತಾರೆ ಎಂಬುದನ್ನು ತಿಳಿದರೆ ಅಂಜಿಕೆ ಬಹುಮಟ್ಟಿಗೆ ಕಳೆಯುತ್ತದೆ.

ಸಂಶೋಧನಾ ಲೇಖನವು ನ್ಯಾಯಾಲಯದಲ್ಲಿ ಮಂಡಿಸಿದ ವಾದದಂತೆ. ಅದರಲ್ಲಿ ಸಾಕ್ಷ್ಯವೂ ಇರುತ್ತದೆ, ಸಾಕ್ಷ್ಯದಿಂದ ಹೊರಡಿಸಿದ ತೀರ್ಮಾನವೂ ಇರುತ್ತದೆ. ಮೊದಲಲ್ಲಿ ಸಾರಾಂಶ, ಬಳಿಕ ಪ್ರಯೋಗದ ವಿಧಾನ, ದೊರೆತ ಫಲಿತಾಂಶ, ಕೊನೆಯಲ್ಲಿ ಚರ್ಚೆ ಎಂದು ಅದನ್ನು ಸಾಮಾನ್ಯವಾಗಿ ವಿಂಗಡಿಸಿರುತ್ತಾರೆ. ನುರಿತ ಓದುಗನು ಕಾದಂಬರಿಯನ್ನು ಓದುವಂತೆ ಇದನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಹೋಗುವುದಿಲ್ಲ. ಸಾರಾಂಶವನ್ನು ನೋಡಿದ ಕೂಡಲೇ ಕೋಷ್ಟಕಗಳನ್ನೂ ಚಿತ್ರಗಳನ್ನೂ ಹುಡುಕುತ್ತಾನೆ. ಅವನ ಮನಸ್ಸಿನಲ್ಲಿ ಇರುವ ಪ್ರಶ್ನೆಗಳು ಮೂರು. ಇವರು ನಿಜವಾಗಿ ಅಳೆದದ್ದು ಏನು? ಅಳತೆಯಿಂದ ಊಹಿಸಿದ್ದು ಏನು? ಈ ಊಹೆ ತಪ್ಪಾಗಿದ್ದರೆ ಅದು ಎಲ್ಲಿ ಬಯಲಾಗಬೇಕು? ಮೂರನೆಯ ಪ್ರಶ್ನೆಯೇ ಕಠಿನವಾದದ್ದು. ಅದನ್ನು ಕೇಳದೆ ಓದಿದರೆ ಓದಿದಂತಾಗುವುದಿಲ್ಲ.

ಅಣುವಿಜ್ಞಾನದಲ್ಲಿ ಈ ಬಗೆಯ ಓದು ಎಷ್ಟು ಅವಶ್ಯಕವೆಂಬುದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ಪ್ರಸಂಗವಿದೆ.

ಚರ್ಮ, ಎಲುಬು, ಸ್ನಾಯುವನ್ನು ಎಲುಬಿಗೆ ಬಿಗಿಯುವ ಕಂಡರ, ಇವೆಲ್ಲಕ್ಕೂ ಬಲ ಕೊಡುವ ಪ್ರೋಟೀನು ಕೊಲಾಜನ್. ಮೃದಂಗದ ಚರ್ಮ ಅಷ್ಟು ಪೆಟ್ಟು ತಿಂದರೂ ಹರಿಯದಿರುವುದು, ತೊಗಲಿನ ಚಪ್ಪಲಿ ವರ್ಷಗಟ್ಟಲೆ ಬಾಳುವುದು ಇದರ ದೆಸೆಯಿಂದಲೇ. ಇಂಥ ಗಟ್ಟಿತನಕ್ಕೆ ಕಾರಣವಾದ ಅಣುರಚನೆ ಎಂಥದೆಂಬುದು ೧೯೫೨ರಲ್ಲಿ ಯಾರಿಗೂ ತಿಳಿದಿರಲಿಲ್ಲ. ಆ ವರ್ಷ ಜಿ. ಎನ್. ರಾಮಚಂದ್ರನ್ ಎಂಬ ತರುಣ ವಿಜ್ಞಾನಿ ಮದರಾಸು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದರು. ಅವರು ೧೯೪೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ಕಲಿಯುವುದಕ್ಕಾಗಿ. ಅಲ್ಲಿಂದ ಅವರನ್ನು ಭೌತವಿಜ್ಞಾನಕ್ಕೆ ಎಳೆದುಕೊಂಡವರು ಸರ್ ಸಿ. ವಿ. ರಾಮನ್. ಮದರಾಸಿಗೆ ಭೇಟಿಯಿತ್ತ ಬ್ರಿಟನ್ನಿನ ವಿಜ್ಞಾನಿ ಜೆ. ಡಿ. ಬರ್ನಲ್ ಅವರು ಮಾತಿನ ನಡುವೆ ಕೊಲಾಜನ್ನಿನ ಸಮಸ್ಯೆ ಇನ್ನೂ ಬಗೆಹರಿದಿಲ್ಲವೆಂದರು. ರಾಮಚಂದ್ರನ್ ಅದನ್ನು ಕೈಗೆತ್ತಿಕೊಂಡರು.

ಅವರ ಕೈಯಲ್ಲಿದ್ದ ಸಾಕ್ಷ್ಯ ಅತ್ಯಲ್ಪ. ಕಂಡರದ ನಾರಿನ ಮೂಲಕ ಕ್ಷ-ಕಿರಣವನ್ನು ಹಾಯಿಸಿದರೆ ಛಾಯಾಫಲಕದ ಮೇಲೆ ಕೆಲವು ಮಸುಕು ಗುರುತುಗಳು ಮೂಡುತ್ತವೆ. ಅವುಗಳಿಂದ, ನಾರಿನ ಉದ್ದಕ್ಕೆ ಒಂದು ಅಮೈನೋ ಆಮ್ಲದಿಂದ ಮುಂದಿನದಕ್ಕೆ ಸುಮಾರು ೨.೯ ಆಂಗ್‌ಸ್ಟ್ರಾಮ್ ಏರಿಕೆ ಇದೆಯೆಂದು ತಿಳಿಯುತ್ತದೆ. ಆಂಗ್‌ಸ್ಟ್ರಾಮ್ ಎಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಎರಡನೆಯ ಸಾಕ್ಷ್ಯ ರಾಸಾಯನಿಕ ವಿಶ್ಲೇಷಣೆಯದು: ಕೊಲಾಜನ್ನಿನಲ್ಲಿರುವ ಅಮೈನೋ ಆಮ್ಲಗಳ ಪೈಕಿ ಮೂರರಲ್ಲೊಂದು ಪಾಲು ಗ್ಲೈಸೀನ್. ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು ಗ್ಲೈಸೀನ್; ಉಳಿದವುಗಳಿಗೆ ಇರುವ ಪಕ್ಕದ ಕವಲು ಇದಕ್ಕಿಲ್ಲ, ಆ ಜಾಗದಲ್ಲಿ ಇರುವುದು ಒಂದು ಜಲಜನಕ ಪರಮಾಣು ಮಾತ್ರ.

ಅಳೆದದ್ದು ಇಷ್ಟೇ. ಮುಂದಿನದು ಊಹೆ. ಮೂರಕ್ಕೊಂದು ಗ್ಲೈಸೀನ್ ಇರುವುದಾದರೆ, ಬೇರಾವುದಕ್ಕೂ ಎಡೆಯಿಲ್ಲದ ಇಕ್ಕಟ್ಟಿನ ಸ್ಥಳವೊಂದು ಆ ಅಣುವಿನಲ್ಲಿ ಇರಬೇಕು. ಮೂರು ಎಳೆಗಳು ಒಟ್ಟಿಗೆ ಸೇರಿದ್ದು, ನಡುವಿನ ಇಕ್ಕಟ್ಟಿನಲ್ಲಿ ಗ್ಲೈಸೀನ್ ಕುಳಿತಿರಬೇಕು ಎಂದು ರಾಮಚಂದ್ರನ್ ಹಾಗೂ ಅವರ ಸಹೋದ್ಯೋಗಿ ಗೋಪಿನಾಥ್ ಕರ್ತಾ ತರ್ಕಿಸಿದರು. ೧೯೫೪ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಮಾದರಿ ಪ್ರಕಟವಾಯಿತು. ಮರುವರ್ಷ ಅವರೇ ಅದನ್ನು ತಿದ್ದಿ, ಮೂರು ಎಳೆಗಳು ಬರಿದೆ ಪಕ್ಕಪಕ್ಕದಲ್ಲಿ ನಿಂತಿಲ್ಲ, ಹಗ್ಗದ ಎಳೆಗಳಂತೆ ಒಂದನ್ನೊಂದು ಸುತ್ತಿಕೊಂಡಿವೆ ಎಂದರು. ಕನ್ನಡದಲ್ಲಿ ಇದಕ್ಕೆ ಮುಪ್ಪುರಿ ಎಂಬ ಸೊಗಸಾದ ಹಳೆಯ ಮಾತಿದೆ.

೧೯೫೫ರಲ್ಲಿಯೇ ಆಕ್ಷೇಪಣೆ ಬಂತು. ಆಕ್ಷೇಪಿಸಿದವರು ಸಾಮಾನ್ಯರಲ್ಲ, ಎರಡು ವರ್ಷದ ಹಿಂದೆ ಡಿ.ಎನ್.ಎ. ರಚನೆಯನ್ನು ಸೂಚಿಸಿ ಪ್ರಸಿದ್ಧರಾಗಿದ್ದ ಫ್ರಾನ್ಸಿಸ್ ಕ್ರಿಕ್ ಮತ್ತು ಅವರ ಜೊತೆಗಾರ ಅಲೆಕ್ಸಾಂಡರ್ ರಿಚ್. ಮೂರೆಳೆಯ ಸುರುಳಿ ಎಂಬ ಮುಖ್ಯ ಭಾವನೆಯನ್ನು ಅವರೂ ಒಪ್ಪಿದರು. ಆದರೆ ಪ್ರತಿ ಮೂರು ಅಮೈನೋ ಆಮ್ಲಗಳಿಗೆ ಎರಡು ಜಲಜನಕ ಬಂಧಗಳು ಎಳೆಗಳನ್ನು ಹಿಡಿದಿವೆಯೆಂಬ ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಪರಸ್ಪರ ಸಹಿಸಲಾಗದಷ್ಟು ಹತ್ತಿರ ಬರುತ್ತವೆ. ಬಂಧ ಒಂದೇ ಇರಬೇಕು ಎಂದು ಅವರು ವಾದಿಸಿದರು.

ಇಲ್ಲಿ ನಾವು ಸ್ವಲ್ಪ ನಿಂತು ನೋಡಬೇಕು. ದೊಡ್ಡ ಹೆಸರಿನವರು ತಪ್ಪೆಂದಾಗ ತಲೆಬಾಗಿ ಸುಮ್ಮನಾಗುವುದು ಒಂದು ದಾರಿ. ಸಿಟ್ಟಿನಿಂದ ಪ್ರತಿವಾದಿಸುವುದು ಇನ್ನೊಂದು. ರಾಮಚಂದ್ರನ್ ಅವರು ಆ ಆಕ್ಷೇಪಣೆಯ ಒಳಗೆ ಅಡಗಿದ್ದ ಪ್ರಶ್ನೆಯನ್ನು ಎತ್ತಿಕೊಂಡರು. ‘ಅತಿ ಹತ್ತಿರ’ ಎನ್ನುತ್ತಾರಲ್ಲ, ಎಷ್ಟು ಹತ್ತಿರವಾದರೆ ಅತಿ ಹತ್ತಿರ? ಬಂಧವಿಲ್ಲದ ಎರಡು ಪರಮಾಣುಗಳು ಎಷ್ಟರ ಮಟ್ಟಿಗೆ ಸಮೀಪಿಸಬಲ್ಲವು? ಇದಕ್ಕೆ ಹೊಸ ಪ್ರಯೋಗದ ಅಗತ್ಯವಿರಲಿಲ್ಲ. ಉತ್ತರ ಆಗಲೇ ಅಚ್ಚಾಗಿತ್ತು. ಆದರೆ ಒಂದೆಡೆ ಇರಲಿಲ್ಲ. ಅಮೈನೋ ಆಮ್ಲಗಳ ಮತ್ತು ಚಿಕ್ಕ ಪೆಪ್ಟೈಡುಗಳ ಸ್ಫಟಿಕಗಳನ್ನು ಕುರಿತು ಬೇರೆ ಬೇರೆ ದೇಶದವರು ಬರೆದಿದ್ದ ಲೇಖನಗಳನ್ನು ರಾಮಚಂದ್ರನ್ ಮತ್ತು ಅವರ ಸಂಗಡಿಗರು ಒಂದೊಂದಾಗಿ ತೆರೆದು, ಪರಮಾಣುಗಳ ನಡುವಿನ ಅಂತರಗಳನ್ನು ಕಲೆಹಾಕಿದರು. ಆ ಲೇಖನಗಳ ಕರ್ತೃಗಳು ಬರೆದದ್ದು ಬೇರಾವುದೋ ಉದ್ದೇಶದಿಂದ. ಇವರು ಓದಿದ್ದು ತಮ್ಮ ಪ್ರಶ್ನೆಗಾಗಿ. ಓದುವುದೂ ಸಂಶೋಧನೆಯೇ ಆಗಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋಚದು.

ಆ ಅಂತರಗಳು ಎರಡು ಬಗೆಯಾಗಿ ಪಟ್ಟಿಯಾದವು: ಸಾಮಾನ್ಯವಾಗಿ ಒಪ್ಪಬಹುದಾದ ಮಿತಿ ಒಂದು, ಅಪರೂಪಕ್ಕೆ ಮಾತ್ರ ಕಾಣುವ ಕಟ್ಟಕಡೆಯ ಮಿತಿ ಇನ್ನೊಂದು. ಎರಡು ಇಂಗಾಲ ಪರಮಾಣುಗಳಿಗೆ ಮೊದಲನೆಯದು ೩.೨ ಆಂಗ್‌ಸ್ಟ್ರಾಮ್, ಎರಡನೆಯದು ೩.೦. ಒಂದೇ ಸಂಖ್ಯೆಯನ್ನು ಕೊಟ್ಟು ಮುಗಿಸಿದ್ದರೆ ಲೇಖನ ಹೆಚ್ಚು ಖಂಡಿತವಾಗಿ ಕಾಣುತ್ತಿತ್ತು, ಅಷ್ಟೇ ಕಡಿಮೆ ಪ್ರಾಮಾಣಿಕವೂ ಆಗುತ್ತಿತ್ತು.

ಈ ಮಿತಿಗಳನ್ನು ಅವರು ಕೊಲಾಜನ್ನಿಗೆ ಮಾತ್ರವಲ್ಲದೆ ಎಲ್ಲ ಪ್ರೋಟೀನುಗಳಿಗೂ ಅನ್ವಯಿಸಿದರು. ಪ್ರೋಟೀನಿನ ಎಳೆಯನ್ನು ಚಪ್ಪಟೆಯಾದ ರಟ್ಟಿನ ತುಂಡುಗಳ ಸರಪಳಿಯೆಂದು ಭಾವಿಸಬಹುದು. ಎರಡೆರಡು ತುಂಡುಗಳು ಕೂಡುವ ಕಡೆ ಒಂದು ಇಂಗಾಲ ಪರಮಾಣುವಿದೆ. ಅದರ ಎರಡು ಪಕ್ಕದಲ್ಲಿರುವ ತುಂಡುಗಳು ಒಂದೊಂದೂ ತನ್ನಷ್ಟಕ್ಕೆ ತಿರುಗಬಲ್ಲದು. ಹೀಗೆ ಪ್ರತಿ ಸಂಧಿಯಲ್ಲಿಯೂ ಎರಡು ಕೋನಗಳು. ಎರಡೂ ೩೬೦ ಅಂಶಗಳಷ್ಟು ತಿರುಗಬಹುದೆಂದು ಮೇಲುನೋಟಕ್ಕೆ ತೋರಿದರೂ, ಹಾಗೆ ತಿರುಗಿಸುವಾಗ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ. ಒಂದು ಕೋನವನ್ನು ಅಡ್ಡಕ್ಕೂ ಇನ್ನೊಂದನ್ನು ಉದ್ದಕ್ಕೂ ಗುರುತಿಸಿ ಚೌಕವೊಂದನ್ನು ಬರೆದರೆ, ಅದರ ಸುಮಾರು ಮುಕ್ಕಾಲು ಭಾಗ ನಿಷಿದ್ಧ ಪ್ರದೇಶ. ಉಳಿದ ಕೆಲವು ದ್ವೀಪಗಳಲ್ಲಷ್ಟೇ ಪ್ರೋಟೀನು ನೆಲಸಬಲ್ಲದು. ಕವಲಿಲ್ಲದ ಗ್ಲೈಸೀನಿಗೆ ಮಾತ್ರ ಹೆಚ್ಚು ಸ್ವಾತಂತ್ರ್ಯ. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ರಾಮಚಂದ್ರನ್ ಇದನ್ನು ಪ್ರಕಟಿಸಿದ್ದು ೧೯೬೩ರಲ್ಲಿ, ಕೆಲವೇ ಪುಟಗಳ ಬರಹವಾಗಿ. ಇಂದು ಜಗತ್ತಿನ ಜೀವರಸಾಯನ ಪಠ್ಯಗಳೆಲ್ಲ ಅದನ್ನು ‘ರಾಮಚಂದ್ರನ್ ನಕ್ಷೆ’ ಎಂದು ಕರೆಯುತ್ತವೆ. ೧೯೭೦ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ, ತಾವು ಕಲಿತ ಸಂಸ್ಥೆಯಲ್ಲಿಯೇ ಅಣು ಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು.

ಆ ನಕ್ಷೆ ಈಗಲೂ ಒರೆಗಲ್ಲು. ಪ್ರೋಟೀನುಗಳ ರಚನೆಗಳನ್ನು ಸಂಗ್ರಹಿಸಿಡಲು ೧೯೭೧ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಭಂಡಾರದಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಹೊಸ ಪ್ರೋಟೀನು ರಚನೆಯೊಂದು ಬಂದಾಗ, ಅದರ ಎಷ್ಟು ಸಂಧಿಗಳು ನಿಷಿದ್ಧ ಪ್ರದೇಶದಲ್ಲಿ ಬಿದ್ದಿವೆಯೆಂಬುದನ್ನು ಎಣಿಸಿ ವರದಿಯಲ್ಲಿ ಕಾಣಿಸುತ್ತಾರೆ. ಓದುಗನು ಮೊದಲು ನೋಡುವ ಅಂಕಿಗಳಲ್ಲಿ ಅದೂ ಒಂದು.

ಈಚೆಗೆ ಓದುಗನ ಹೊಣೆ ಇನ್ನಷ್ಟು ಹೆಚ್ಚಿದೆ. ‘ಆಲ್ಫಾಫೋಲ್ಡ್’ ಎಂಬ ಗಣಕವಿಧಾನವು ಪ್ರೋಟೀನಿನಲ್ಲಿ ಅಮೈನೋ ಆಮ್ಲಗಳು ಪೋಣಿಸಿರುವ ಕ್ರಮವನ್ನಷ್ಟೇ ಕೊಟ್ಟರೆ ಅದರ ಆಕಾರವನ್ನು ಊಹಿಸುತ್ತದೆ. ೨೦೨೨ರಲ್ಲಿ ಇಂಥ ಇಪ್ಪತ್ತು ಕೋಟಿಗೂ ಮಿಕ್ಕಿದ ಊಹೆಗಳು ಪ್ರಕಟವಾದವು. ೨೦೨೪ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕದ ಅರ್ಧಭಾಗ ಈ ಕೆಲಸಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಂದಿತು. ಇದು ಮಹತ್ತಾದ ಸಾಧನೆ. ಆದರೆ ‘ಇಪ್ಪತ್ತು ಕೋಟಿ ಪ್ರೋಟೀನುಗಳ ರಚನೆ ತಿಳಿಯಿತು’ ಎಂದು ಬರೆದರೆ ಅಳೆದದ್ದಕ್ಕೂ ಊಹಿಸಿದ್ದಕ್ಕೂ ಇರುವ ಗೆರೆಯನ್ನು ಅಳಿಸಿದಂತಾಗುತ್ತದೆ. ಆ ವಿಧಾನವೇ ತನ್ನ ಊಹೆಯ ಪ್ರತಿಯೊಂದು ಭಾಗಕ್ಕೂ ಸೊನ್ನೆಯಿಂದ ನೂರರವರೆಗೆ ಭರವಸೆಯ ಅಂಕ ಕೊಡುತ್ತದೆ. ಒಂದೇ ಅಣುವಿನ ಒಂದು ಭಾಗಕ್ಕೆ ತೊಂಬತ್ತೈದು, ಮತ್ತೊಂದಕ್ಕೆ ನಲವತ್ತು ಬರಬಹುದು. ನಲವತ್ತರ ಭಾಗವನ್ನು ನೆಚ್ಚಿ ಔಷಧಿಯನ್ನು ರೂಪಿಸಹೊರಟವರ ಶ್ರಮ ವ್ಯರ್ಥವಾದರೆ ಆಶ್ಚರ್ಯವಿಲ್ಲ.

ತಿಳಿದದ್ದನ್ನು ಇತರರಿಗೆ ತಿಳಿಸುವುದು ಇನ್ನೊಂದು ಕಷ್ಟ. ಕನ್ನಡದಲ್ಲಿ ಬರೆಯುವವರಿಗೆ ಮೊದಲ ತೊಡಕು ‘ಅಣು’ ಎಂಬ ಪದದಲ್ಲೇ ಇದೆ. ಪಾಠದಲ್ಲಿ ಪರಮಾಣುಗಳು ಕೂಡಿ ಅಣುವಾಗುತ್ತದೆ ಎಂದು ಓದುತ್ತೇವೆ. ಪತ್ರಿಕೆಯಲ್ಲಿ ‘ಅಣುಬಾಂಬು’ ಎಂದು ಓದುತ್ತೇವೆ, ಅಲ್ಲಿ ಒಡೆಯುವುದು ಪರಮಾಣುವಿನ ಬೀಜ! ರೂಢಿಯನ್ನು ಅಳಿಸಲಾಗದು, ಬರೆಯುವವನು ತಾನು ಯಾವ ಅರ್ಥದಲ್ಲಿ ಬಳಸುತ್ತಿರುವೆನೆಂದು ಮೊದಲೇ ಹೇಳಿಬಿಡುವುದು ಲೇಸು. ಪದಕ್ಕಿಂತಲೂ ಕ್ರಿಯಾಪದದಲ್ಲಿ ಎಚ್ಚರ ಹೆಚ್ಚು ಬೇಕು. ‘ಕೊಲಾಜನ್ ಮೂರೆಳೆಯದೆಂದು ಮದರಾಸಿನಲ್ಲಿ ಕಂಡರು’ ಎಂಬುದು ಕಿವಿಗೆ ಇಂಪು. ಆದರೆ ಯಾರೂ ಕಣ್ಣಿನಿಂದ ಕಂಡಿರಲಿಲ್ಲ. ‘ಕ್ಷ-ಕಿರಣದ ಗುರುತುಗಳಿಂದಲೂ ಗ್ಲೈಸೀನಿನ ಪ್ರಮಾಣದಿಂದಲೂ ಮೂರೆಳೆಯೆಂದು ತರ್ಕಿಸಿದರು’ ಎಂದರೆ ವಾಕ್ಯ ಉದ್ದವಾಯಿತು, ನಿಜ. ಓದಿದವನಿಗೆ ಮಾತ್ರ ಆ ತರ್ಕವನ್ನು ತಾನೇ ಪರೀಕ್ಷಿಸುವ ಹಾದಿ ತೆರೆಯಿತು.

ಇನ್ನು ಆ ಹಳೆಯ ವಿವಾದ ಏನಾಯಿತೆಂದು ನೀವು ಕೇಳಬಹುದು. ಒಂದು ಬಂಧವೋ ಎರಡೋ ಎಂಬ ಪ್ರಶ್ನೆಯನ್ನು ರಾಮಚಂದ್ರನ್ ಕೈಬಿಟ್ಟಿರಲಿಲ್ಲ. ೧೯೬೮ರಲ್ಲಿ ಆರ್. ಚಂದ್ರಶೇಖರನ್ ಅವರೊಡನೆ ಬರೆದ ಲೇಖನದಲ್ಲಿ, ಎರಡನೆಯ ಬಂಧವು ಎಳೆಗಳ ನಡುವೆ ನೇರವಾಗಿರದೆ ನೀರಿನ ಅಣುವೊಂದರ ಮೂಲಕ ಏರ್ಪಡಬಹುದೆಂದು ಸೂಚಿಸಿದರು. ೧೯೯೪ರಲ್ಲಿ ಹೆಲೆನ್ ಬರ್ಮನ್, ಬಾರ್ಬರಾ ಬ್ರಾಡ್‌ಸ್ಕಿ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಕೊಲಾಜನ್ನಿನ ಮಾದರಿಯ ಚಿಕ್ಕ ಪೆಪ್ಟೈಡೊಂದರ ಸ್ಫಟಿಕವನ್ನು ೧.೯ ಆಂಗ್‌ಸ್ಟ್ರಾಮಿನಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದರು. ಎಳೆಗಳು ಮೂರೇ, ಒಂದನ್ನೊಂದು ಸುತ್ತಿಕೊಂಡೇ ಇದ್ದವು. ಅವುಗಳ ನಡುವೆ ನೇರವಾದ ಜಲಜನಕ ಬಂಧ, ರಿಚ್ ಮತ್ತು ಕ್ರಿಕ್ ಹೇಳಿದಂತೆ, ಪ್ರತಿ ಮೂರು ಅಮೈನೋ ಆಮ್ಲಗಳಿಗೆ ಒಂದೇ. ಮುಪ್ಪುರಿಯ ಸುತ್ತಲೂ ನೀರಿನ ಅಣುಗಳು ಸಾಲುಗಟ್ಟಿ, ಎಳೆಯಿಂದ ಎಳೆಗೆ ಸೇತುವೆ ಕಟ್ಟಿದ್ದವು.