ಕಿತ್ತೂರು ಅರಮನೆಯ ಪ್ರತಿರೂಪ ಮತ್ತು ಸ್ಥಳದ ಪ್ರಶ್ನೆ

ಬೆಳಗಾವಿ ಜಿಲ್ಲೆಯ ಕಿತ್ತೂರು ಕೋಟೆಯೊಳಗೆ ಪಾಳುಬಿದ್ದಿರುವ ರಾಣಿ ಚೆನ್ನಮ್ಮನ ಅರಮನೆಯ ಪ್ರತಿರೂಪವನ್ನು ಎಲ್ಲಿ ನಿರ್ಮಿಸಬೇಕೆಂಬುದು 2021-22ರ ಅವಧಿಯಲ್ಲಿ ಸಾರ್ವಜನಿಕ ಚರ್ಚೆಗೆ ಒಳಗಾದ ವಿಷಯವಾಗಿದೆ. ಸಮೀಪದ ಬಚ್ಚನಕೇರಿ ಗ್ರಾಮದ ಬಳಿ ಪ್ರತಿರೂಪವನ್ನು ಕಟ್ಟುವ ಪ್ರಸ್ತಾಪ ಬಂದಾಗ ಕಿತ್ತೂರಿನ ಜನರು ಅದನ್ನು ವಿರೋಧಿಸಿ ಪ್ರತಿಭಟನೆ ನಡೆಸಿದರು.

== ಹಿನ್ನೆಲೆ ==

ಕೋಟೆ ಮತ್ತು ಅರಮನೆಯನ್ನು ಅಲ್ಲಪ್ಪಗೌಡ ಸರದೇಸಾಯಿ 1660ರಿಂದ 1691ರವರೆಗಿನ ತನ್ನ ಆಳ್ವಿಕೆಯಲ್ಲಿ ಕಟ್ಟಿಸಿದನು. 1824ರ ಅಕ್ಟೋಬರ್ 23ರಂದು ಇಲ್ಲಿ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷರು ಕೋಟೆಯನ್ನು ವಶಪಡಿಸಿಕೊಂಡರು. ಸೆರೆಯಾದ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ನಿಧನಳಾದಳು. ಆಕೆಯ ಸಮಾಧಿ ಇರುವುದು ಅಲ್ಲಿಯೇ.

ಅರಮನೆಯ ಛಾವಣಿ ಇಂದು ಉಳಿದಿಲ್ಲ. ಗೋಡೆಗಳು, ಸ್ನಾನಗೃಹದ ತೊಟ್ಟಿಗಳು ಹಾಗೂ ಧ್ರುವ ನಕ್ಷತ್ರವನ್ನು ನೋಡಲು ಮಾಡಿದ್ದೆಂದು ಹೇಳಲಾಗುವ ರಂಧ್ರವನ್ನು ಪ್ರವಾಸಿಗರು ಕಾಣಬಹುದು. ಆವರಣದಲ್ಲಿ ವಸ್ತುಸಂಗ್ರಹಾಲಯವೂ ಇದೆ.

== ವಾದಗಳು ==

ಅರಮನೆಯನ್ನೇ ಕಿತ್ತು ಬೇರೆಡೆಗೆ ಸಾಗಿಸುವ ಮಾತು ಇಲ್ಲಿರಲಿಲ್ಲ. ಆದರೂ ಹೊಸ ಕಟ್ಟಡಕ್ಕೆ ಅರಮನೆಯ ಹೆಸರು ಬಂದೊಡನೆ ಜನರ ಗಮನ, ಉತ್ಸವ, ಪ್ರವಾಸಿಗರ ಓಡಾಟ ಎಲ್ಲವೂ ಅತ್ತ ಸರಿದು ಮೂಲ ಸ್ಥಳ ಬಡವಾಗಬಹುದೆಂಬುದು ವಿರೋಧದ ತಿರುಳು. ಪ್ರತಿವರ್ಷ ಅಕ್ಟೋಬರಿನಲ್ಲಿ ನಡೆಯುವ ಕಿತ್ತೂರು ಉತ್ಸವಕ್ಕೆ ಅರ್ಥ ಬರುವುದು ಕಾಳಗ ನಡೆದ ನೆಲದಿಂದಲೇ. ಧ್ರುವ ನಕ್ಷತ್ರದ ರಂಧ್ರದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ದಿಕ್ಕು, ಕೋನಗಳನ್ನು ಸರಿಯಾಗಿ ಹೊಂದಿಸಿದರೆ ನೆರೆಯ ಗ್ರಾಮದ ಹೊಸ ಗೋಡೆಯಿಂದಲೂ ನಕ್ಷತ್ರ ಕಂಡೀತು. ಆದರೆ ಆ ಗೋಡೆ ಹದಿನೇಳನೆಯ ಶತಮಾನದ್ದಾಗದು.

ಹೊರಗೆ ಕಟ್ಟುವುದರ ಪರವಾದ ವಾದವನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅವಶೇಷಗಳ ಮೇಲೆ ಅಥವಾ ಪಕ್ಕದಲ್ಲಿ ಹೊಸ ತಳಪಾಯ ತೋಡಿದರೆ ನೆಲದಡಿಯ ಹಳೆಯ ಅಡಿಪಾಯಗಳು ಶಾಶ್ವತವಾಗಿ ಹಾಳಾಗುವ ಅಪಾಯವಿದೆ. ದೊಡ್ಡ ಕಟ್ಟಡಕ್ಕೂ ವಾಹನ ನಿಲುಗಡೆಗೂ ವಿಶಾಲವಾದ ಜಾಗ ಬೇಕಾಗುತ್ತದೆ.

== ಸಂರಕ್ಷಣೆಯ ನಿಯಮಗಳು ==

1964ರ ವೆನಿಸ್ ಸನ್ನದಿನ 7ನೆಯ ವಿಧಿಯ ಪ್ರಕಾರ ಸ್ಮಾರಕವನ್ನು ಅದರ ಇತಿಹಾಸದಿಂದಲೂ ಪರಿಸರದಿಂದಲೂ ಬೇರ್ಪಡಿಸಲಾಗದು. ಅದರ ಉಳಿವಿಗೆ ಅನಿವಾರ್ಯವಾದಾಗ ಅಥವಾ ಅತ್ಯಂತ ಮಹತ್ವದ ರಾಷ್ಟ್ರೀಯ, ಅಂತರರಾಷ್ಟ್ರೀಯ ಹಿತಾಸಕ್ತಿ ಇದ್ದಾಗ ಮಾತ್ರ ಸ್ಥಳಾಂತರಕ್ಕೆ ಅವಕಾಶ. ಈಜಿಪ್ಟಿನ ಅಬು ಸಿಂಬೆಲ್ ದೇಗುಲಗಳನ್ನು 1960ರ ದಶಕದಲ್ಲಿ ತುಂಡುಗಳಾಗಿ ಕತ್ತರಿಸಿ ಎತ್ತರದ ನೆಲದಲ್ಲಿ ಜೋಡಿಸಿದ್ದು ಆಸ್ವಾನ್ ಜಲಾಶಯದಲ್ಲಿ ಮುಳುಗದಿರಲೆಂದು. ಶ್ರೀಶೈಲ ಯೋಜನೆಯ ಹಿನ್ನೀರಿನಿಂದ ಪಾರುಮಾಡಲು ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಆಲಂಪುರಕ್ಕೆ ಸಾಗಿಸಲಾಯಿತು. ಕಿತ್ತೂರಿಗೆ ಅಂತಹ ಮುಳುಗಡೆಯ ಭೀತಿ ಇಲ್ಲ.

ಪುನರ್ನಿರ್ಮಾಣದ ವಿಷಯದಲ್ಲಿಯೂ ಸನ್ನದು ಕಟ್ಟುನಿಟ್ಟಾಗಿದೆ. ಬಿದ್ದ ಮೂಲ ಭಾಗಗಳನ್ನು ಮರುಜೋಡಿಸುವುದಕ್ಕೆ ಮಾತ್ರ 15ನೆಯ ವಿಧಿ ಸಮ್ಮತಿಸುತ್ತದೆ. ಆದ್ದರಿಂದ ಅವಶೇಷಗಳ ಮೇಲೆಯೇ ಹೊಸ ಅರಮನೆ ಎಬ್ಬಿಸುವುದು ಊರಿನ ಅಭಿಮಾನಕ್ಕೆ ಒಪ್ಪಿಗೆಯಾದರೂ ಸಂರಕ್ಷಣಾ ತತ್ತ್ವಕ್ಕೆ ಒಪ್ಪುವುದಿಲ್ಲ. ಅವಶೇಷಗಳನ್ನು ಮುಟ್ಟದೆ ಪಟ್ಟಣದ ವ್ಯಾಪ್ತಿಯಲ್ಲಿಯೇ ಪ್ರತಿರೂಪವನ್ನು ನಿರ್ಮಿಸುವುದು ಎರಡಕ್ಕೂ ಹೆಚ್ಚು ಹತ್ತಿರವಾದ ಮಾರ್ಗ. ಅದಕ್ಕೂ ಮೊದಲು ಉಳಿದ ಗೋಡೆಗಳ ಅಳತೆ, ನಕ್ಷೆ ಮತ್ತು ಛಾಯಾಚಿತ್ರ ದಾಖಲೆ ಸಿದ್ಧವಾಗಬೇಕಾಗುತ್ತದೆ. ಛಾವಣಿ, ಮೇಲಂತಸ್ತುಗಳ ಆಕಾರಕ್ಕೆ ಆಧಾರ ದೊರೆಯದಿದ್ದಲ್ಲಿ ಪ್ರತಿರೂಪದ ಆ ಭಾಗ ಊಹೆಯೆಂದು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕಾಗುತ್ತದೆ.