ನಾಯಿಗೂಡಿಗೆ ಬಿಸಿ ಎಲ್ಲಿಂದ ಬರುತ್ತದೆ?

ಮಾಗಿಯ ಚಳಿಗೆ ಬೀದರ್, ಕಲಬುರಗಿ, ವಿಜಯಪುರದ ಕಡೆ ಬೆಳಗಿನ ಜಾವದ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಕೊಡಗಿನ ತೋಟಗಳಲ್ಲಿ ಇದರ ಜೊತೆಗೆ ಇಬ್ಬನಿಯ ಒದ್ದೆಯೂ ಸೇರಿಕೊಳ್ಳುತ್ತದೆ. ಅಂಗಳದಲ್ಲಿ ಕಟ್ಟಿದ ನಾಯಿಯ ಗತಿಯೇನು ಎಂದು ಕೇಳಿದರೆ ಎಲ್ಲ ಕಡೆಯೂ ಸಿಗುವುದು ಒಂದೇ ಉತ್ತರ: "ಅದಕ್ಕೆಲ್ಲಿಯ ಚಳಿ, ಮೈತುಂಬ ಕೂದಲಿದೆಯಲ್ಲ!"

ಕೆಲವು ನಾಯಿಗಳ ಮಟ್ಟಿಗೆ ಈ ಮಾತು ನಿಜ. ಹಿಮಾಲಯದ ಕುರಿಕಾಯುವ ನಾಯಿಗೆ ಎರಡು ಪದರದ ಕೂದಲಿರುತ್ತದೆ. ಹೊರಗಿನದು ಒರಟು, ಒಳಗಿನದು ಮೆತ್ತನೆಯ ದಟ್ಟ ತುಪ್ಪಳ. ಆ ತುಪ್ಪಳದಲ್ಲಿ ಸಿಕ್ಕಿಕೊಂಡ ಗಾಳಿಯೇ ಅದರ ಹೊದಿಕೆ. ನಮ್ಮ ಮುಧೋಳ ನಾಯಿಗೆ ಆ ಭಾಗ್ಯವಿಲ್ಲ. ಬಯಲಲ್ಲಿ ಮೊಲ ಅಟ್ಟಲೆಂದೇ ರೂಪುಗೊಂಡ ಮೈ ಅದು: ಚರ್ಮಕ್ಕಂಟಿದ ಗಿಡ್ಡ ಕೂದಲು, ಎದ್ದು ಕಾಣುವ ಪಕ್ಕೆಲುಬು, ಅತಿ ಕಡಿಮೆ ಕೊಬ್ಬು. ಓಡಿ ಕಾದ ಮೈ ಬೇಗ ತಣಿಯಲು ಇದರಿಂದಲೇ ಅನುಕೂಲ, ರಾತ್ರಿ ಕಲ್ಲುಹಾಸಿನ ಮೇಲೆ ಮಲಗಿದಾಗ ಇದರಿಂದಲೇ ಸಂಕಟ. ಬೀದಿಯ ದೇಸಿ ನಾಯಿಯ ಕೂದಲೂ ಗಿಡ್ಡವೇ. ಮುದಿ ನಾಯಿ, ಬಡಕಲು ನಾಯಿಗಳ ಪಾಡು ಇನ್ನೂ ಕಷ್ಟ. ಹುಟ್ಟಿದ ಹೊಸದರಲ್ಲಿ ಮರಿಗಳಿಗೆ ನಡುಗಿ ಮೈ ಬೆಚ್ಚಗಾಗಿಸಿಕೊಳ್ಳುವ ಶಕ್ತಿಯೂ ಇರುವುದಿಲ್ಲ, ತಾಯಿಯ ಒಡಲೇ ಅವಕ್ಕೆ ಆಸರೆ.

ಇಷ್ಟು ತಿಳಿದವರು ಗೂಡು ಕಟ್ಟಿಸುತ್ತಾರೆ. ಪ್ರೀತಿ ಹೆಚ್ಚಿದ್ದರೆ ದೊಡ್ಡ ಗೂಡನ್ನೇ ಕಟ್ಟಿಸುತ್ತಾರೆ. ತಪ್ಪುವುದು ಇಲ್ಲೇ. ಗೂಡು ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಒಳಗಿನ ಒಲೆ ನಾಯಿಯೇ. ಆರೋಗ್ಯವಂತ ನಾಯಿಯ ಮೈ ತಾಪ 38ರಿಂದ 39 ಡಿಗ್ರಿ, ಅಂದರೆ ನಮಗಿಂತ ಹೆಚ್ಚು. ಆ ಬಿಸಿ ಸೋರಿಹೋಗದಂತೆ ತಡೆಯುವುದಷ್ಟೇ ಗೂಡಿನ ಕೆಲಸ. ಗೂಡು ವಿಶಾಲವಾದಷ್ಟೂ ನಾಯಿ ಬೆಚ್ಚಗಾಗಿಸಬೇಕಾದ ಗಾಳಿ ಹೆಚ್ಚು. ನಾಯಿ ಎದ್ದು ನಿಲ್ಲಲು, ಒಂದು ಸುತ್ತು ತಿರುಗಲು, ಮುದುಡಿ ಮಲಗಲು ಜಾಗವಿದ್ದರೆ ಸಾಕು.

ಆ ಬಿಸಿ ಎಲ್ಲಿಂದ ಸೋರುತ್ತದೆ ಎಂದರೆ ಬಹಳ ಜನ ಬಾಗಿಲನ್ನು ತೋರಿಸುತ್ತಾರೆ. ನೆಲವನ್ನು ಮರೆಯುತ್ತಾರೆ. ಕಡಪ ಕಲ್ಲು, ಸಿಮೆಂಟು ನೆಲ ಮೈಯ ಶಾಖವನ್ನು ಸತತವಾಗಿ ಎಳೆದುಕೊಳ್ಳುತ್ತವೆ. ಗೂಡಿನ ಕೆಳಗೆ ನಾಲ್ಕು ಇಟ್ಟಿಗೆಯಿಟ್ಟು ನೆಲದಿಂದ ನಾಲ್ಕೈದು ಅಂಗುಲ ಎತ್ತರಿಸಿ, ಮೇಲೆ ಮರದ ಹಲಗೆ ಹಾಕಿದರೆ ಅರ್ಧ ಕಷ್ಟ ಕಳೆದಂತೆ. ತಗಡಿನ ಮಾಡೂ ಇಂಥದ್ದೇ. ಮೋಡವಿಲ್ಲದ ರಾತ್ರಿ ಅದು ಬೇಗನೆ ತಣ್ಣಗಾಗುತ್ತದೆ. ನಾಯಿಯ ಉಸಿರಿನ ಪಸೆ ಅದರ ಒಳಮೈಗೆ ತಾಗಿ ಹನಿಗಟ್ಟಿ ಮೈಮೇಲೆ ತೊಟ್ಟಿಕ್ಕುತ್ತದೆ. ತಗಡಿನ ಮೇಲೆ ಹುಲ್ಲು ಹೊದಿಸಿ, ಇಲ್ಲವೇ ಅಡಿಯಲ್ಲಿ ಥರ್ಮಾಕೋಲ್ ಕೊಟ್ಟು ಹಲಗೆಯಿಂದ ಮುಚ್ಚಿ. ಥರ್ಮಾಕೋಲ್ ಬಾಯಿಗೆಟಕುವಂತಿದ್ದರೆ ನಾಯಿ ಕಚ್ಚಿ ತಿನ್ನದೆ ಬಿಡುವುದಿಲ್ಲ.

ಚಳಿ ಒಳನುಗ್ಗದಿರಲೆಂದು ಎಲ್ಲ ಸಂದಿಯನ್ನೂ ಮುಚ್ಚಿಬಿಡುವುದು ಮತ್ತೊಂದು ತಪ್ಪು. ಉಸಿರಿನ ಪಸೆ ಹೊರಹೋಗಲು ಮೇಲ್ಭಾಗದಲ್ಲಿ ಸಣ್ಣ ಕಿಂಡಿ ಬೇಕೇ ಬೇಕು. ಹೊರಹೋಗದಿದ್ದರೆ ಹಾಸಿಗೆ ಒದ್ದೆಯಾಗುತ್ತದೆ, ಒದ್ದೆ ಹಾಸಿಗೆ ಚಳಿಗಿಂತ ಕೆಟ್ಟದ್ದು. ನಮ್ಮಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ, ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಬಾಗಿಲು ದಕ್ಷಿಣಕ್ಕಿದ್ದರೆ ಗಾಳಿ ತಪ್ಪುತ್ತದೆ, ಬಿಸಿಲೂ ಬೀಳುತ್ತದೆ.

ಒಳಗೆ ಏನು ಹಾಸಬೇಕು? ಗೋಣಿಚೀಲ, ಹಳೆಯ ಸೀರೆ, ಹತ್ತಿಯ ಕೌದಿ ಎನ್ನುತ್ತದೆ ರೂಢಿ. ಮನೆಯೊಳಗೆ ಸರಿ, ಹೊರಗಿನ ಗೂಡಿಗೆ ಇವು ಆಗಿಬರುವುದಿಲ್ಲ. ಇಬ್ಬನಿಯನ್ನೂ ಒದ್ದೆ ಕಾಲಿನ ನೀರನ್ನೂ ಹೀರಿಕೊಂಡು ಬೆಳಗಿನವರೆಗೂ ಹಸಿಯಾಗಿಯೇ ಇರುತ್ತವೆ. ಕುರಿ ಕಂಬಳಿ ಪರವಾಗಿಲ್ಲ, ಉಣ್ಣೆ ಸ್ವಲ್ಪ ತೇವವಾದರೂ ಬಿಸಿ ಉಳಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಚೆನ್ನಾಗಿ ಒಣಗಿದ ಭತ್ತದ ಹುಲ್ಲು. ಟೊಳ್ಳು ಕಡ್ಡಿಗಳ ನಡುವೆ ಗಾಳಿ ನಿಲ್ಲುತ್ತದೆ, ನಾಯಿ ಕೆದಕಿ ತಗ್ಗು ಮಾಡಿಕೊಂಡು ಅದರೊಳಗೆ ಹುದುಗುತ್ತದೆ. ಒಂದು ಗೇಣಿನಷ್ಟು ದಪ್ಪ ಹಾಸಿ. ಬಿಸಿಲಿಗೆ ಹರಡುವುದನ್ನು, ಮುಗ್ಗಲು ವಾಸನೆ ಬಂದ ಕೂಡಲೇ ಬದಲಿಸುವುದನ್ನು ಮರೆಯಬೇಡಿ.

ಗೂಡಿನಲ್ಲಿ ಬಲ್ಬು ತೂಗುಹಾಕುವವರಿಗೆ, ಅಗ್ಗಿಷ್ಟಿಕೆ ಇಡುವವರಿಗೆ ನಾನು ಬೇಡಿಕೊಳ್ಳುವುದಿಷ್ಟೇ: ದಯವಿಟ್ಟು ಬೇಡ. ಕಾದ ಬಲ್ಬಿಗೆ ಒಣಹುಲ್ಲು ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಕಟ್ಟಿಹಾಕಿದ ನಾಯಿ ಓಡಲಾರದು. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಚಳಿಗೆ ಒಂದು ಮುಚ್ಚಳ ಬ್ರಾಂದಿ ಕುಡಿಸುವ ಪದ್ಧತಿಯೂ ಅಪಾಯದ್ದೇ. ಇದಕ್ಕೆ ಬೆಂಬಲವೆಂಬಂತೆ ಕೊರಳಿಗೆ ಬ್ರಾಂದಿಯ ಪುಟ್ಟ ಪೀಪಾಯಿ ಕಟ್ಟಿಕೊಂಡ ಸೇಂಟ್ ಬರ್ನಾರ್ಡ್ ನಾಯಿಯ ಚಿತ್ರ ಎಲ್ಲರ ಕಣ್ಣ ಮುಂದಿದೆ. ಸ್ವಿಟ್ಜರ್ಲೆಂಡಿನ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆಯ ಮಠದ ನಾಯಿಗಳು ಹಿಮದಲ್ಲಿ ಸಿಕ್ಕಿಬಿದ್ದ ಪಯಣಿಗರನ್ನು ಹುಡುಕಿದ್ದು ನಿಜ. ಆದರೆ ಪೀಪಾಯಿಯ ಕಥೆಯನ್ನು ಮನೆಮಾತಾಗಿಸಿದ್ದು ಇಂಗ್ಲಿಷ್ ಕಲಾವಿದ ಎಡ್ವಿನ್ ಲ್ಯಾಂಡ್‌ಸಿಯರ್ 1820ರಲ್ಲಿ ಬರೆದ ವರ್ಣಚಿತ್ರ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಿಸಿಯಾದಂತೆ ಅನಿಸುತ್ತದೆ, ಒಳಗಿನ ಶಾಖ ಹೊರಗೆ ಹರಿದುಹೋಗುತ್ತದೆ. ನಾಯಿಗೆ ಅದು ವಿಷವೂ ಹೌದು, ಸ್ವಲ್ಪ ಪ್ರಮಾಣವೇ ಸಾಕು. ಒಲೆ ಉರಿಯಬೇಕೆಂದಿದ್ದರೆ ಸೌದೆ ಹಾಕಿ: ಹೊರಗೆ ಮಲಗುವ ನಾಯಿಗೆ ಚಳಿಗಾಲದಲ್ಲಿ ಊಟ ಸ್ವಲ್ಪ ಹೆಚ್ಚಿರಲಿ, ರಾತ್ರಿಯ ಊಟ ತಪ್ಪದಿರಲಿ.

ಕೊನೆಯದಾಗಿ, ನಡುಕ ನಿಂತರೆ ಚಳಿ ಬಿಟ್ಟಿತು ಎಂಬ ನಂಬಿಕೆ. ನಡುಕವೆಂದರೆ ಸ್ನಾಯುಗಳು ಶಾಖ ಹುಟ್ಟಿಸುವ ಯತ್ನ. ಮೈ ತೀರಾ ತಣ್ಣಗಾದಾಗ ಆ ಯತ್ನವೂ ನಿಂತುಹೋಗುತ್ತದೆ. ನಡುಗುತ್ತಿದ್ದ ನಾಯಿ ಮಂಕಾಗಿ, ಕರೆದರೂ ಏಳದೆ, ಒಸಡು ಬಿಳಿಚಿಕೊಂಡು, ಉಸಿರು ನಿಧಾನವಾಗಿದ್ದರೆ ಅದು ಸುಧಾರಿಸಿಲ್ಲ, ಕುಸಿಯುತ್ತಿದೆ. ಮೈ ಒದ್ದೆಯಿದ್ದರೆ ಒರೆಸಿ, ಒಣ ಕಂಬಳಿಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಎದೆ, ಹೊಟ್ಟೆಯ ಪಕ್ಕ ಇಡಿ. ಕಾಲುಗಳನ್ನು ತಿಕ್ಕಬೇಡಿ, ಬೆಂಕಿಯ ಹತ್ತಿರ ಒಯ್ಯಬೇಡಿ. ಹಾಗೆಯೇ ಎತ್ತಿಕೊಂಡು ಪಶುವೈದ್ಯರ ಬಳಿಗೆ ಹೊರಡಿ.