ಹುಣಸೂರಿನ ಲೈಸೆನ್ಸ್ ದುಬೈಯಲ್ಲಿ ನಡೆಯುತ್ತದೆಯೇ?

ದೋರನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಮಡಿಕೇರಿ ಮಾರ್ಗವಾಗಿ ಹೋಗುವ ನಮ್ಮ ಕರಾವಳಿಯವರಿಗೆ ಕುಶಾಲನಗರ ದಾಟಿದ ಮೇಲೆ ‘ಕೆಎ 45’ ನಂಬರಿನ ವಾಹನಗಳು ಹೆಚ್ಚಾಗಿ ಕಾಣಸಿಗುತ್ತವೆ. ಅದು ಹುಣಸೂರು ಆರ್.ಟಿ.ಓ. ಕಚೇರಿಯ ಸಂಖ್ಯೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯವರ ವಾಹನ, ಲೈಸೆನ್ಸ್ ಕೆಲಸಗಳೆಲ್ಲ ಇಲ್ಲಿಯೇ.

ಈ ಭಾಗದಲ್ಲಿ ಗಾಡಿ ಓಡಿಸಿದವನಿಗೆ ಬೇರೆಲ್ಲೂ ಕಷ್ಟವಿಲ್ಲ ಎಂಬ ಮಾತಿದೆ. ತಂಬಾಕಿನ ಲೋಡು, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ರಸ್ತೆಗೆ ಅಡ್ಡ ಬರುವ ದನ, ಕೋಟೆಯ ಕಡೆ ಹೋದರೆ ಕಾಡು, ಆನೆ. ಆದರೆ ಕೆಲಸಕ್ಕೆಂದು ಹೊರದೇಶಕ್ಕೆ ಹೊರಟವರಿಗೆ ಈ ಧೈರ್ಯವೇ ತೊಡಕಾಗುವುದುಂಟು.

ಮೊದಲನೆಯದು ಕಾಗದದ ವಿಷಯ. ಐ.ಡಿ.ಪಿ. ಎಂಬ ಅಂತಾರಾಷ್ಟ್ರೀಯ ಪರವಾನಗಿಯನ್ನು ನಮ್ಮ ಆರ್.ಟಿ.ಓ. ಕಚೇರಿಯೇ ಕೊಡುತ್ತದೆ. ಪಾಸ್‌ಪೋರ್ಟ್ ಮತ್ತು ಚಾಲ್ತಿಯಲ್ಲಿರುವ ಲೈಸೆನ್ಸ್ ಬೇಕು, ಅವಧಿ ಹೆಚ್ಚೆಂದರೆ ಒಂದು ವರ್ಷ. ಅನೇಕರು ಇದನ್ನೇ ಜಗತ್ತಿಗೆಲ್ಲ ನಡೆಯುವ ಲೈಸೆನ್ಸ್ ಎಂದುಕೊಳ್ಳುತ್ತಾರೆ. ಹಾಗಲ್ಲ. ಅದು ಮೂಲ ಲೈಸೆನ್ಸಿನ ಜೊತೆಗಿಡಬೇಕಾದ ಪುಸ್ತಿಕೆ ಮಾತ್ರ, ಪ್ರವಾಸ ಹೋದವರಿಗೆ ಉಪಯೋಗ. ದುಬೈಯಂತಹ ಊರಿನಲ್ಲಿ ನಿವಾಸಿ ವೀಸಾ ಸಿಕ್ಕಿದ ಮೇಲೆ ಅಲ್ಲಿಯದೇ ಲೈಸೆನ್ಸ್ ಬೇಕು, ಅಲ್ಲಿಯ ರಸ್ತೆ ಪರೀಕ್ಷೆ ಪಾಸಾಗಲೇಬೇಕು. ಇಲ್ಲಿ ಹತ್ತು ವರ್ಷ ಲಾರಿ ಓಡಿಸಿದವರೂ ಅಲ್ಲಿ ಮತ್ತೆ ಪರೀಕ್ಷೆಗೆ ಕೂರಬೇಕಾಗುತ್ತದೆ. ಬ್ರಿಟನ್‌ಗೆ ಹೋದ ನರ್ಸುಗಳು ಭಾರತದ ಲೈಸೆನ್ಸಿನಲ್ಲಿ 12 ತಿಂಗಳು ಕಾರು ಓಡಿಸಬಹುದು, ಆಮೇಲೆ ಅಲ್ಲಿಯ ಪರೀಕ್ಷೆ. ಸೌದಿಯಲ್ಲಂತೂ 2018ರ ಜೂನ್‌ವರೆಗೆ ಮಹಿಳೆಯರು ವಾಹನ ಓಡಿಸುವಂತೆಯೇ ಇರಲಿಲ್ಲ.

ಕಾಗದ ಸರಿಯಾದರೂ ಕೈ ಸರಿಯಾಗಲು ಸಮಯ ಬೇಕು. ಗಲ್ಫ್ ದೇಶಗಳಲ್ಲಿ ವಾಹನ ರಸ್ತೆಯ ಬಲಗಡೆ ಹೋಗುತ್ತದೆ, ಸ್ಟೇರಿಂಗ್ ಎಡಗಡೆ, ಗೇರು ಬಲಗೈಗೆ. ಟ್ರಾಫಿಕ್ ಇದ್ದಾಗ ಮುಂದಿನ ಗಾಡಿಯನ್ನು ನೋಡಿ ಹೋಗಬಹುದು, ಬೆಳಗಿನ ಜಾವ ಖಾಲಿ ರಸ್ತೆಗೆ ತಿರುಗುವಾಗಲೇ ಹಳೆಯ ಅಭ್ಯಾಸ ಎಡಕ್ಕೆ ಎಳೆಯುವುದು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನಮ್ಮಂತೆಯೇ ಎಡಗಡೆ. ಆದರೆ ಅಲ್ಲಿಯೂ ಬೇರೆ ತೊಂದರೆಯಿದೆ. ನಮ್ಮಲ್ಲಿ ಎದುರಿನವನು ಹೆಡ್‌ಲೈಟ್ ಮಿನುಗಿಸಿದರೆ ‘ನಾನು ಬರುತ್ತಿದ್ದೇನೆ, ನಿಲ್ಲು’ ಎಂದರ್ಥ, ಬ್ರಿಟನ್‌ನಲ್ಲಿ ಹೆಚ್ಚಿನವರು ‘ನೀವು ಹೋಗಿ’ ಎನ್ನಲು ಹಾಗೆ ಮಾಡುತ್ತಾರೆ. ನಮ್ಮ ಲಾರಿಗಳ ಹಿಂದೆ ‘ಹಾರ್ನ್ ಮಾಡಿ’ ಎಂದೇ ಬರೆದಿರುತ್ತದೆ. ಅಲ್ಲಿ ಊರೊಳಗೆ ರಾತ್ರಿ 11.30ರಿಂದ ಬೆಳಿಗ್ಗೆ 7ರವರೆಗೆ ಹಾರ್ನ್ ಬಾರಿಸುವುದೇ ತಪ್ಪು.

ಊರಿಗೆ ರಜೆಯಲ್ಲಿ ಬಂದವರ ಬಗ್ಗೆಯೂ ಹೇಳಬೇಕು. ಮದುವೆಗೆಂದು ಬಂದು, ತಮ್ಮನ ಕಾರು ತೆಗೆದುಕೊಂಡು ಹೊರಡುತ್ತಾರೆ. ಜೇಬಿನಲ್ಲಿರುವುದು ಗಲ್ಫ್ ಲೈಸೆನ್ಸ್ ಮಾತ್ರ, ಊರಿನದು ಎಂದೋ ಮುಗಿದಿರುತ್ತದೆ. ಅಪಘಾತವಾದರೆ ವಿಮಾ ಕಂಪನಿ ಮೊದಲು ಕೇಳುವುದೇ ಚಾಲಕನ ಲೈಸೆನ್ಸ್. ಪೆಟ್ಟಾದವನಿಗೂ ಪರಿಹಾರ ತಡವಾಗುತ್ತದೆ, ಹಣದ ಹೊರೆ ಕೊನೆಗೆ ಕಾರಿನ ಮಾಲೀಕನಾದ ತಮ್ಮನ ಮೇಲೆ ಬೀಳಬಹುದು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಲು ಅವಕಾಶವಿದೆ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟ್ರಯಲ್ ಕೊಡಬೇಕು. ಲಾರಿ, ಬಸ್ಸು ಓಡಿಸುವವರ ಲೈಸೆನ್ಸಿಗೆ 5 ವರ್ಷ ಮಾತ್ರ ಆಯುಷ್ಯ ಎಂಬುದನ್ನು ವಿಮಾನ ಹತ್ತುವ ಮೊದಲೇ ನೋಡಿಕೊಳ್ಳಬೇಕು.